ಫಿಯಟ್ಟಿನ ಬೋಲ್ಟಿಗೆ ಅಜ್ಜನ ವಿಭೂತಿ

ಅಮೆರಿಕದ ಸ್ಟರ್ಲಿಂಗಿನ ವೀರಣ್ಣನವರಿಗೆ ಹಳೆಯ ಕಾರಿನ ಹುಚ್ಚು ಹಿಡಿದದ್ದು ಬೇರೆಯವರ ಹೊಸ ಕಾರಿನಲ್ಲಿ ಕೂತಿದ್ದಾಗ.

ಕನ್ನಡ ಕೂಟದ ಬೇಸಿಗೆ ಪಿಕ್ನಿಕ್ಕು ಮುಗಿದಿತ್ತು. ಪಾರ್ಕಿಂಗ್ ಲಾಟಿನಲ್ಲಿ ಬಿಳಿ ಎಲೆಕ್ಟ್ರಿಕ್ ಕಾರುಗಳು ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ವೀರಣ್ಣನವರು ತಮ್ಮದೆಂದು ತಿಳಿದು ಒಂದರೊಳಗೆ ಕೂತರು. ಸೀಟು ಹಿಂದಕ್ಕೆ ಸರಿಸಿದರು. ಹೊಟ್ಟೆಯ ಬೆಲ್ಟು ಸಡಿಲಿಸಿಕೊಂಡರು. ಕಪ್ ಹೋಲ್ಡರಿನಲ್ಲಿದ್ದ ಗೋಡಂಬಿಯನ್ನು, ಇದನ್ನು ಯಾವಾಗ ತಂದಿಟ್ಟೆನೋ ಎಂದುಕೊಳ್ಳುತ್ತ, ಒಂದು ಮುಷ್ಟಿ ತಿಂದರು. ಆಗ ಹಿಂದಿನ ಸೀಟಿನಿಂದ ವಯಸ್ಸಾದ ಹೆಂಗಸಿನ ಧ್ವನಿಯೊಂದು ಬಹಳ ಮರ್ಯಾದೆಯಿಂದ ಕೇಳಿತು: "ತಾವು ಯಾರ ಪೈಕಿ ಆಗಬೇಕು?"

ಅವತ್ತೇ ವೀರಣ್ಣನವರು ತೀರ್ಮಾನಿಸಿದರು. ಗಂಡಸಾದವನಿಗೆ ಒಂದು ಕಾರು ಇರಬೇಕು. ಅದನ್ನು ನೋಡಿ ಇನ್ನಾರೂ ತಮ್ಮದೆಂದು ತಿಳಿಯಬಾರದು.

ಹಾಗೆ ಸಿಕ್ಕಿದ್ದು ಸೌತ್ ಕ್ಯಾರೊಲೈನಾದ ಹಳ್ಳಿಯೊಂದರ ಹುಲ್ಲಿನ ಕೊಟ್ಟಿಗೆಯಲ್ಲಿದ್ದ ಅರವತ್ತು ವರ್ಷದ ಫಿಯಟ್. ಅದನ್ನು ತನ್ನದೆಂದು ಯಾರೂ ತಿಳಿಯುವಂತಿರಲಿಲ್ಲ. ಬಾಗಿಲು ತೆಗೆದರೆ ಮೊದಲು ಕೋಳಿ ಹೊರಗೆ ಬಂತು, ಆಮೇಲೆ ಸೀಟಿನ ನಾರು ಬಂತು, ಕೊನೆಗೆ ಬಾಗಿಲೇ ಕೈಗೆ ಬಂತು. ಅದರ ಮೇಲೆ ಮೊದಲು ಕಣ್ಣು ಹಾಕಿದವನು ಷಾರ್ಲೆಟ್ಟಿನ ಬ್ಯಾಲಂಟೈನಿನ ಶಶಿಕಾಂತ. ಬ್ಯಾಂಕಿನ ಕಂಪ್ಯೂಟರ್ ಕೆಲಸ, ಮನೆಯ ಹಿಂದೆ ಮೂರು ಹಳೆಯ ಕಾರು, ಸ್ವಂತ ಟ್ರೇಲರ್. ವೀರಣ್ಣನವರು ಒಂದು ದಿನ ಮೊದಲು ಹೋಗಿ ಕೊಂಡುಬಿಟ್ಟದ್ದನ್ನು ಆತ ನಗುನಗುತ್ತಲೇ ಸಹಿಸಿಕೊಂಡ. "ಪರವಾಗಿಲ್ಲ ಅಣ್ಣ, ಎಂಜಾಯ್ ಮಾಡಿ. ಸಾಕು ಅನ್ನಿಸಿದ ದಿನ ಒಂದು ಕಾಲ್ ಮಾಡಿ. ಟ್ರೇಲರ್‌ಗೆ ಗಾಳಿ ಹಾಕಿಸಿ ಇಟ್ಟಿರ್ತೀನಿ" ಎಂದ.

ವೀರಣ್ಣನವರು ಡೇಟಾ ಸೆಂಟರೊಂದರಲ್ಲಿ ಸರ್ವರುಗಳಿಗೆ ಬಿಸಿಯಾಗದಂತೆ ತಣ್ಣನೆ ಗಾಳಿ ಹಾಯಿಸುವ ಇಂಜಿನಿಯರು. ದೊಡ್ಡ ದೊಡ್ಡ ಯಂತ್ರಗಳಿಗೆ ಬೀಸಣಿಗೆ ಬೀಸಿದವನಿಗೆ ಇದೆಂಥ ಪುಟಗೋಸಿ ಕಾರು ಎಂದು ಗ್ಯಾರೇಜಿನಲ್ಲಿ ಕೆಲಸ ಶುರು ಮಾಡಿದರು. ಆದರೆ ಹಳೆಯ ಕಾರು ಬಿಚ್ಚುವವನ ಜಗಳ ಕಾರಿನ ಜೊತೆಗಲ್ಲ, ತುಕ್ಕಿನ ಜೊತೆಗೆ. ಅರವತ್ತು ವರ್ಷ ಒಬ್ಬರನ್ನೊಬ್ಬರು ಬಿಟ್ಟಿರದ ಬೋಲ್ಟು ನಟ್ಟುಗಳು, ಪಾನಾ ಹಾಕಿ ತಿರುಗಿಸಿದರೆ ಪರಸ್ಪರ ಬಿಡುವ ಬದಲು ಪ್ರಾಣ ಬಿಟ್ಟವು. ಮೊದಲ ದಿನ ಒಂದರ ತಲೆ ಹಾರಿತು. ಎರಡನೆಯದರ ತಲೆ ಉಳಿಯಿತು, ಸುತ್ತಲಿನ ಲೋಹ ಕಿತ್ತು ಬಂತು. ಎಣ್ಣೆ ಕುಡಿಸಿದರು, ಬೆಂಕಿ ತೋರಿಸಿದರು, ಸುತ್ತಿಗೆಯಲ್ಲಿ ತಟ್ಟಿದರು, ಉತ್ತರ ಕರ್ನಾಟಕದ ಶುದ್ಧ ಭಾಷೆಯಲ್ಲಿ ಬೈದರು.

ಚಳಿಗಾಲ ಕಳೆಯುವ ಹೊತ್ತಿಗೆ ವೀರಣ್ಣನವರಿಗೆ ಜ್ಞಾನೋದಯವಾಗಿತ್ತು. ಅದು ಒಂದು ಡಬ್ಬಿಯಲ್ಲಿ ಬಂತು. ಆಂಟಿ-ಸೀಜ್ ಎನ್ನುತ್ತಾರೆ, ಬೆಳ್ಳಿ ಬಣ್ಣದ, ಬೆಣ್ಣೆಯಂಥ ಒಂದು ಲೇಪ. ಬೋಲ್ಟಿನ ಸುತ್ತನ್ನು ಚೆನ್ನಾಗಿ ಉಜ್ಜಿ, ಇದನ್ನು ತೆಳ್ಳಗೆ ಸವರಿ ಬಿಗಿದರೆ ತುಕ್ಕು ಹತ್ತಿರ ಸುಳಿಯುವುದಿಲ್ಲ. ಎಷ್ಟು ವರ್ಷದ ಮೇಲೆ ತಿರುಗಿಸಿದರೂ ಮಾತು ಕೇಳುತ್ತದೆ.

"ನೀಲಾ, ಬಿಗಿಯೋದು ದೊಡ್ಡದಲ್ಲ," ಎಂದು ಊಟಕ್ಕೆ ಕೂತಾಗ ಹೆಂಡತಿಗೆ ಬೋಧಿಸಿದರು. "ಇಪ್ಪತ್ತು ವರ್ಷ ಆದ್ಮೇಲೆ ಇನ್ನೊಬ್ಬ ಬಿಚ್ಚೋಕೆ ಬಂದಾಗ ಬಿಚ್ಚಬೇಕು. ಹಂಗ ಬಿಗೀಬೇಕು."

"ಇಪ್ಪತ್ತು ವರ್ಷ ಆದ್ಮೇಲೆ ಯಾರ್ರೀ ಬರ್ತಾರೆ ಬಿಚ್ಚೋಕೆ?"

"ಯಾರೋ ಬರ್ತಾರೆ."

"ಬಂದವರು ಬಿಚ್ಕೋತಾರೆ. ನೀವು ಊಟ ಮಾಡಿ."

ಈ ಲೇಪಕ್ಕೆ ಒಂದು ಗುಣವಿದೆ. ಅದನ್ನು ಬಳಸಿದವರೆಲ್ಲ ಬಲ್ಲರು, ಡಬ್ಬಿಯ ಮೇಲೆ ಮಾತ್ರ ಯಾರೂ ಬರೆದಿಲ್ಲ. ಅದು ಹಚ್ಚಿದಲ್ಲಿ ನಿಲ್ಲುವುದಿಲ್ಲ. ಕಡಲೆಕಾಳಿನಷ್ಟು ಬೆರಳಿಗೆ ಅಂಟಿದರೆ ಒಂದು ತಾಲ್ಲೂಕಿಗೆ ಸಾಕು. ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ. ಇದರ ಮೇಲೆ ವೀರಣ್ಣನವರ ಭಕ್ತಿಯೂ ಸೇರಿ, ಮನೆಯಲ್ಲಿ ತಿರುಪು ಎನ್ನುವುದು ಎಲ್ಲಿದೆಯೋ ಅಲ್ಲೆಲ್ಲ ಲೇಪ ಬಿತ್ತು. ಕುಕ್ಕರಿನ ಹಿಡಿ, ನಲ್ಲಿ, ಕನ್ನಡಕದ ಕಡ್ಡಿ, ಊಟದ ಮೇಜಿನ ಕಾಲು. ಅಲ್ಲಿಂದ ಬಾಗಿಲ ಹಿಡಿಕೆ, ಫ್ರಿಜ್ಜು, ಸೋಫಾ. ನೀಲಗಂಗಾ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ದಿನಕ್ಕೆ ಹತ್ತು ಜನರನ್ನು ಮಾತಾಡುತ್ತ ಮಾತಾಡುತ್ತಲೇ ಮಲಗಿಸುವ ಶಾಂತಸ್ವಭಾವದವರು. ಒಂದು ಬೆಳಿಗ್ಗೆ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಅವರ ಕತ್ತಿನ ಕಡೆ ನೋಡಿ, ಆ ಬೆಳ್ಳಿಯ ಐದು ಬೆರಳು ಯಾರದ್ದು ಎಂದು ಕೇಳಿದ.

ಸಂಜೆ ನೀಲಗಂಗಾ ಅದೇ ಶಾಂತ ದನಿಯಲ್ಲಿ ಹೇಳಿದರು. "ಆ ಡಬ್ಬಿ ಗ್ಯಾರೇಜ್ ಬಾಗಿಲು ದಾಟಬಾರದು. ಇನ್ನೊಂದು, ಒಂದೇ ಒಂದು ಬೆಳ್ಳಿ ಗುರುತು ನನ್ನ ಮನೆಯೊಳಗೆ ಕಂಡ್ರೆ ಶಶಿಕಾಂತ್‌ಗೆ ಕಾಲ್ ಮಾಡ್ತೀನಿ. ಕಾರು ಹೋಗುತ್ತೆ."

ವೀರಣ್ಣನವರಿಗೆ ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಹೆಂಡತಿ ಆಡಿದ ಮಾತು ತಪ್ಪಿದ್ದು ನೆನಪಿರಲಿಲ್ಲ. ಅಷ್ಟು ಹೊತ್ತಿಗೆ ಇಂಜಿನ್ನು ಕೂತಿತ್ತು, ಬ್ರೇಕು ಕೂತಿತ್ತು. ಇನ್ನೊಂದಿಷ್ಟು ಬೋಲ್ಟು ಬಿಗಿದರೆ ಕಾರು ರಸ್ತೆಗೆ ಇಳಿಯುತ್ತಿತ್ತು. ಅವರು ಕೈತೊಳೆಯುವುದನ್ನು ಕಲಿತರು.

ಶ್ರಾವಣ ಹತ್ತಿರ ಬಂತು. ಬಾಗಲಕೋಟೆಯಿಂದ ಅತ್ತೆ ಗಂಗಾಂಬಿಕಾ ಬಂದರು.

ಗಂಗಾಂಬಿಕಾ ಅವರಿಗೆ ಅಮೆರಿಕದ ಮೇಲಿದ್ದ ದೂರು ಒಂದೇ. ಇಲ್ಲಿ ಯಾರೂ ಬರುವುದಿಲ್ಲ. "ಮನಿ ಅಂದ್ರ ನಾಕು ಮಂದಿ ಬರಬೇಕು, ಚಾ ಕುಡೀಬೇಕು, ಚಾ ಚಲೋ ಆಗಿಲ್ಲಂತ ಹೊರಗ ಹೋಗಿ ಅನಬೇಕು. ಇಲ್ಲಿ ಪಾರ್ಸಲ್ ತರೋ ಹುಡುಗ ಸೈತ ಗಂಟಿ ಬಾರಿಸಿ ಓಡಿ ಹೋಗ್ತಾನ." ಮಗಳು ಡ್ಯೂಟಿಗೆ, ಅಳಿಯ ಗ್ಯಾರೇಜಿಗೆ ಹೋದ ಮೇಲೆ ಅವರ ಜೊತೆ ಮಾತಾಡಲು ಇದ್ದವರು ಬನ್ನಿಗಿಡದ ಅಜ್ಜ ಒಬ್ಬರೇ. ಅಜ್ಜಾರೆಂದರೆ ಅವರ ತವರಿನ ಮಠದ ಹಿರಿಯ ಸ್ವಾಮಿಗಳು. ಅವರ ದೊಡ್ಡ ಪಟವನ್ನು ಸೀರೆಗಳ ನಡುವೆ ಮಲಗಿಸಿ ಮೂರು ಏರ್‌ಪೋರ್ಟು ದಾಟಿಸಿ ತಂದಿದ್ದರು.

"ಅಳಿಯಾರ, ಅಜ್ಜಾರು ಬಂದಾಗಿನಿಂದ ಸೋಫಾದ ಮ್ಯಾಲ ಕುಂತಾರ. ಗ್ವಾಡಿಗೆ ಒಂದು ಮೊಳಿ ಹೊಡದು ಏರಿಸ್ರಿ. ನಾ ಝಳಕಾ ಮಾಡಿ ಬರತೇನಿ," ಎಂದು ಒಂದು ಸೋಮವಾರ ಬೆಳಿಗ್ಗೆ ಹೇಳಿ ಸ್ನಾನಕ್ಕೆ ಹೋದರು.

ಮೊಳೆ ಹೊಡೆಯುವುದು ಅಜ್ಞಾನಿಗಳ ಕೆಲಸ. ವೀರಣ್ಣನವರು ಗೋಡೆಗೆ ತೂತು ಕೊರೆದು ಒಳ್ಳೆಯ ತಿರುಪು ಆರಿಸಿದರು. ಅದನ್ನು ಹಾಕುವ ಮೊದಲು ಕೈ ತಡೆಯಿತು. ಈ ಮನೆ ಮುಂದೆ ಯಾರದೋ. ಇಪ್ಪತ್ತು ವರ್ಷದ ಮೇಲೆ ಯಾವನೋ ಬಂದು ಈ ತಿರುಪನ್ನು ತಿರುಗಿಸುತ್ತಾನೆ, ಅದು ಬರುವುದಿಲ್ಲ, ಅವನು ಯಾರನ್ನು ಬೈಯುತ್ತಾನೆ? ಹೆಂಡತಿ ಡ್ಯೂಟಿಯಲ್ಲಿದ್ದರು. ವೀರಣ್ಣನವರು ಗ್ಯಾರೇಜಿಗೆ ಹೋಗಿ ತಿರುಪಿಗೆ ಲೇಪ ಸವರಿ, ಕಳ್ಳನಂತೆ ಒಳತಂದು, ಗೋಡೆಗೆ ತಿರುಗಿಸಿ, ಪಟ ತೂಗುಹಾಕಿದರು. ಪಟ ತುಸು ಎಡಕ್ಕೆ ವಾಲಿತ್ತು. ಮೂರು ಬೆರಳಿಟ್ಟು ಮೆಲ್ಲಗೆ ಬಲಕ್ಕೆ ತಳ್ಳಿದರು. ಸರಿಯಾಯಿತು. ಕೆಳಗೆ ದೀಪ ಹಚ್ಚಿ ಕೈತೊಳೆಯಲು ಹೋದರು.

ತೊಳೆದುಕೊಂಡು ಬರುವಷ್ಟರಲ್ಲಿ ಗಂಗಾಂಬಿಕಾ ಪಟದ ಮುಂದೆ ನಿಂತಿದ್ದರು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ದನಿ ಬಹಳ ಸಣ್ಣದಾಗಿತ್ತು.

"ಅಳಿಯಾರ. ಅಜ್ಜಾರು ವಿಭೂತಿ ಹಚ್ಕೊಂಡಾರ."

ವೀರಣ್ಣನವರು ನೋಡಿದರು. ಗಾಜಿನ ಮೇಲೆ, ಅಜ್ಜಾರ ಹಣೆ ಎಲ್ಲಿತ್ತೋ ಸರಿಯಾಗಿ ಅಲ್ಲಿ, ಎಡದಿಂದ ಬಲಕ್ಕೆ ಎಳೆದ ಮೂರು ಪಟ್ಟೆ. ಮಠದಲ್ಲಿ ನಲವತ್ತು ವರ್ಷ ಪೂಜೆ ಮಾಡಿದವರೂ ಅಷ್ಟು ನೇರವಾಗಿ ಎಳೆಯಲಾರರು. ದೀಪದ ಬೆಳಕಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ನಾ ಹಚ್ಚಿಲ್ಲ," ಎಂದರು ಗಂಗಾಂಬಿಕಾ. "ನೀವು ವಿಭೂತಿ ಹಚ್ಚೀರೇನು?"

ವೀರಣ್ಣನವರ ಕಣ್ಣಿಗೆ ಅಜ್ಜಾರು ಕಾಣಲಿಲ್ಲ, ಟ್ರೇಲರ್ ಕಂಡಿತು. "ಇಲ್ಲ ಅತ್ತೀ. ನಾ ವಿಭೂತಿ ಹಚ್ಚಿಲ್ಲ," ಎಂದರು. ಇದು ಅಕ್ಷರಶಃ ನಿಜವಾಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಅತ್ತೆ ಒಂದು ಬೆರಳಿಂದ ಮುಟ್ಟಿದರು. "ತಣ್ಣಗದ. ಈಗ ಹಚ್ಚಿದ್ದು. ಒಣಾ ವಿಭೂತಿ ಅಲ್ಲ, ಹಸೀ ವಿಭೂತಿ." ಬೆರಳನ್ನು ತಮ್ಮ ಹಣೆಗೆ ಒತ್ತಿಕೊಂಡರು. ಆಮೇಲೆ ಕಣ್ಣು ಒರೆಸಿಕೊಂಡರು. ಕಣ್ಣೂ ಹೊಳೆಯತೊಡಗಿತು.

ಅವರು ಮುಖ ತೊಳೆಯಲು ಹೋದ ಗಳಿಗೆಯಲ್ಲಿ ವೀರಣ್ಣನವರು ಪೇಪರ್ ಟವೆಲು ಹಿಡಿದು ಪಟದ ಮೇಲೆ ಬಿದ್ದರು. ಸರಸರ ಒರೆಸಿದರು. ಲೇಪ ತನ್ನ ಗುಣ ಬಿಡಲಿಲ್ಲ. ಮೂರು ಪಟ್ಟೆ ಆರಾಯಿತು, ಆರು ಸೇರಿ ಅಜ್ಜಾರ ಇಡೀ ಹಣೆಯಾಯಿತು, ಗಡ್ಡದವರೆಗೆ ಇಳಿಯಿತು. ಅತ್ತೆ ವಾಪಸು ಬಂದು ಬಾಗಿಲಲ್ಲೇ ಗೋಡೆ ಹಿಡಿದುಕೊಂಡು ನಿಂತರು.

"ಹೆಚ್ಚಾತಲ್ರಿ," ಎಂದರು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಪಕ್ಕದ ಮನೆಯಲ್ಲಿ ಮೈಸೂರಿನ ವಿಜಯಶ್ರೀ ಇದ್ದರು. ಅವರ ಬಳಿ ಒಂದು ಫೋನಿತ್ತು, ಆ ಫೋನಿನಲ್ಲಿ ಹದಿನಾಲ್ಕು ವಾಟ್ಸಾಪ್ ಗುಂಪುಗಳಿದ್ದವು. ಮೊಸರಿಗೆ ಹೆಪ್ಪು ಕೇಳಲು ಬಂದವರು ಹೆಪ್ಪು ಮರೆತರು.

"ಆಂಟಿ, ಒಂದು ಸಲ ಹಾಗೇ ಕೈ ಮುಗ್ಕೊಂಡು ನಿಂತ್ಕೊಳ್ಳಿ. ಕ್ಯಾಮೆರಾ ನೋಡಬೇಡಿ, ನ್ಯಾಚುರಲ್ ಆಗಿ. ಅಂಕಲ್, ನೀವ್ಯಾಕೆ ಬೆವರ್ತಾ ಇದೀರ? ಎಸಿ ಆನ್ ಇದೆ ಅಲ್ವಾ?"

"ಭಕ್ತಿ," ಎಂದರು ವೀರಣ್ಣನವರು.

ಸುದ್ದಿ ಸ್ಟರ್ಲಿಂಗಿನಿಂದ ಹೊರಟಾಗ ಹಣೆಯ ಮೇಲಿನ ಪಟ್ಟೆಯಾಗಿತ್ತು. ರೆಸ್ಟನ್ ಮುಟ್ಟುವಾಗ ಪಟದಿಂದ ವಿಭೂತಿ ಉದುರುತ್ತಿತ್ತು. ಷಾರ್ಲೆಟ್ಟಿನಲ್ಲಿ ಅದನ್ನು ಬಕೆಟ್ಟಿನಲ್ಲಿ ಹಿಡಿಯುತ್ತಿದ್ದರು. ಅಟ್ಲಾಂಟಾಕ್ಕೆ ಹೋದಾಗ ಅಜ್ಜಾರು ಒಮ್ಮೆ ಕೆಮ್ಮಿದ್ದರು.

ಸಂಜೆ ನೀಲಗಂಗಾ ಡ್ಯೂಟಿ ಮುಗಿಸಿ ಬಂದಾಗ ಮನೆಯ ಮುಂದೆ ಹತ್ತು ಜೊತೆ ಚಪ್ಪಲಿ. ಒಳಗೆ ಅವ್ವ, ಮೂರು ವಾರದಿಂದ ಮುಖ ಗಂಟು ಹಾಕಿಕೊಂಡಿದ್ದ ಅವ್ವ, ಬಂದವರಿಗೆಲ್ಲ ಚಹಾ ಕೊಡುತ್ತ ಅಜ್ಜಾರ ಕತೆ ಹೇಳುತ್ತ ಓಡಾಡುತ್ತಿದ್ದರು. ನೀಲಗಂಗಾ ಪಟದ ಹತ್ತಿರ ಹೋದರು. ನೋಡಿದರು. ಮೂಗನ್ನು ತುಸು ಮುಂದೆ ತಂದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಿಮಗೇನಾದ್ರೂ ಗೊತ್ತಾ ಇದು?"

"ನನಗೇನು ಗೊತ್ತು?"

"ಹೂಂ," ಎಂದರು ನೀಲಗಂಗಾ. ಮರುದಿನ ಬೆಳಿಗ್ಗೆ ಬಾಗಿಲ ಬಳಿ ಒಂದು ಬೇಬಿ ಆಯಿಲ್ ಬಾಟಲಿ ಮತ್ತು ಹತ್ತಿಯ ಡಬ್ಬಿ ಇಟ್ಟು, "ಹೋಗುವಾಗ ಹಣೆ ಒರೆಸಿಕೊಂಡು ಹೋಗಿ" ಎಂದು ಬರೆದು ಅಂಟಿಸಿ ಡ್ಯೂಟಿಗೆ ಹೋದರು. ಜನ ಅದನ್ನೂ ಪದ್ಧತಿಯೆಂದೇ ತಿಳಿದು ಎಣ್ಣೆಯನ್ನು ತೀರ್ಥದಂತೆ ತಲೆಗೆ ಸವರಿಕೊಂಡರು.

ಮಂಗಳವಾರ, ಬುಧವಾರ, ಗುರುವಾರ. ಬಂದವರೆಲ್ಲ ಪಟ ಮುಟ್ಟಿ ಹಣೆಗೆ ಹಚ್ಚಿಕೊಂಡರು. ಹಣೆಯಿಂದ ಸ್ಟೀರಿಂಗಿಗೆ, ಸ್ಟೀರಿಂಗಿನಿಂದ ಲ್ಯಾಪ್‌ಟಾಪಿಗೆ. ಡಲ್ಲೆಸ್ ರಸ್ತೆಯುದ್ದದ ಆಫೀಸುಗಳಲ್ಲಿ ಬೆಳ್ಳಿಯ ಹಣೆಯವರು ಒಬ್ಬರನ್ನೊಬ್ಬರು ಗುರುತಿಸಿ ಲಿಫ್ಟಿನಲ್ಲಿ ನಮಸ್ಕರಿಸತೊಡಗಿದರು. ವೀಸಾ ಎಕ್ಸ್‌ಟೆನ್ಷನ್ ಕಾಯುತ್ತಿದ್ದ ದಂಪತಿಗಳು ಬಂದು ಪಾಸ್‌ಪೋರ್ಟನ್ನೇ ಪಟಕ್ಕೆ ಒತ್ತಲು ಹೋದಾಗ ವೀರಣ್ಣನವರು ಓಡಿ ಅಡ್ಡ ಬಂದರು. "ಫೆಡರಲ್ ಡಾಕ್ಯುಮೆಂಟು. ಅಜ್ಜಾರಿಗೆ ಅದೆಲ್ಲ ಸೇರಂಗಿಲ್ಲ," ಎಂದರು.

ಶುಕ್ರವಾರ ಬಡಾವಣೆಯ ಸಂಘದವನು ಬಂದ. ಗ್ಲೆನ್ ಎಂದು, ಹುಲ್ಲು ಎಷ್ಟೆತ್ತರ ಬೆಳೆದಿದೆ, ಯಾರ ಕಸದ ಡಬ್ಬಿ ರಸ್ತೆಯಲ್ಲಿದೆ ಎಂದು ನೋಡುವುದೇ ಅವನ ಧರ್ಮ. ಕೈಯಲ್ಲಿ ರಟ್ಟು, ಮುಖದಲ್ಲಿ ಕಾನೂನು. ಇಷ್ಟೊಂದು ಕಾರು ರಸ್ತೆಯಲ್ಲಿ ನಿಲ್ಲುವಂತಿಲ್ಲ, ಮನೆಯಲ್ಲಿ ವ್ಯಾಪಾರ ನಡೆಸುವಂತಿಲ್ಲ ಎಂದು ಶುರುಮಾಡಿದ. ಗಂಗಾಂಬಿಕಾ ಅವನ ಮಾತು ಪೂರ್ತಿ ಕೇಳಿದರು. ಒಂದಕ್ಷರವೂ ತಿಳಿಯದ್ದರಿಂದ ಎಲ್ಲಕ್ಕೂ ತಲೆಯಾಡಿಸಿದರು. "ಪಾಪ, ಬಿಸಲಾಗ ಬಂದಾನ," ಎಂದು ಒಳಗೆ ಕೂರಿಸಿ, ಉಪ್ಪಿಟ್ಟು ಕೊಟ್ಟು, ಅವನು ಬಾಯಿ ತುಂಬ ಉಪ್ಪಿಟ್ಟಿಟ್ಟುಕೊಂಡಿದ್ದಾಗ ಹಣೆಗೆ ಮೂರು ಪಟ್ಟೆ ಎಳೆದರು. ಅದೇನೆಂದು ಆತ ಕೇಳಿದ.

"ಸನ್‌ಸ್ಕ್ರೀನ್," ಎಂದರು ವೀರಣ್ಣನವರು.

ಆತ ಥ್ಯಾಂಕ್ಸ್ ಹೇಳಿ ಹೋದ. ಮರುದಿನ ಅವನ ಹೆಂಡತಿಯೂ ಬಂದಳು, ಉಪ್ಪಿಟ್ಟಿಗೆ.

ಇಷ್ಟೆಲ್ಲ ಆಗುವಾಗ ವೀರಣ್ಣನವರು ಗ್ಯಾರೇಜಿಗೆ ಕಾಲಿಡಲಿಲ್ಲ. ಡಬ್ಬಿಯನ್ನು ಹಳೆಯ ಸಾಕ್ಸಿನಲ್ಲಿ ಸುತ್ತಿ ಫಿಯಟ್ಟಿನ ಸೀಟಿನಡಿ ಬಚ್ಚಿಟ್ಟಿದ್ದರು. ದಿನ ಕಳೆಯಲಿ, ಲೇಪ ಮುಗಿಯಲಿ, ಜನಕ್ಕೆ ಬೇಸರ ಬರಲಿ ಎಂದು ಅದೇ ಅಜ್ಜಾರನ್ನು ಬೇಡಿಕೊಂಡರು. ಆದರೆ ತಿರುಪಿನ ಬುಡದಲ್ಲಿ ಅವರು ಧಾರಾಳವಾಗಿ ಹಚ್ಚಿದ್ದ ಲೇಪದ ಮುದ್ದೆಯಿತ್ತು. ದೀಪದ ಬಿಸಿಗೆ ಅದು ಕರಗಿ ಚೌಕಟ್ಟಿನ ಮೇಲಿಂದ ಮೆಲ್ಲಗೆ ಜಿನುಗುತ್ತಿತ್ತು. ಎಷ್ಟು ಜನ ಮುಟ್ಟಿದರೂ ಬೆಳಗಾಗುವಾಗ ಅಜ್ಜಾರು ಮತ್ತೆ ಹಣೆ ತುಂಬಿಕೊಂಡಿರುತ್ತಿದ್ದರು.

ಶನಿವಾರ ಶಶಿಕಾಂತ ಬಂದ, ಷಾರ್ಲೆಟ್ಟಿನಿಂದ ಅಷ್ಟು ದೂರ, ದರ್ಶನಕ್ಕೆ. ಗಾಡಿಯ ಹಿಂದೆ ಟ್ರೇಲರಿತ್ತು.

"ಟ್ರೇಲರ್ ಯಾಕೆ?" ಎಂದರು ವೀರಣ್ಣನವರು.

"ಎಲ್ಲಿಗೆ ಹೋದ್ರೂ ತಗೊಂಡು ಹೋಗ್ತೀನಣ್ಣ. ಅಭ್ಯಾಸ." ಶಶಿಕಾಂತ ಪಟದ ಮುಂದೆ ಕಣ್ಣು ಮುಚ್ಚಿ ನಿಂತ. ದೀರ್ಘವಾಗಿ ಉಸಿರೆಳೆದುಕೊಂಡ. ಹಳೆಯ ಕಾರಿನವನ ಮೂಗು. ಕಣ್ಣು ಬಿಟ್ಟಾಗ ಅದರಲ್ಲಿ ಭಕ್ತಿಗಿಂತ ಬೇರೆ ಏನೋ ತುಂಬಿತ್ತು. ಬೆರಳಿಂದ ಮುಟ್ಟಿ, ಉಜ್ಜಿ, ಬೆಳಕಿಗೆ ಹಿಡಿದು ನೋಡಿದ. "ಆಹಾ. ಒಳ್ಳೆ ಕ್ವಾಲಿಟಿ. ಈ ವಿಭೂತಿ ಹಚ್ಚಿದವರಿಗೆ ತುಕ್ಕು ಹಿಡಿಯೋದೇ ಇಲ್ಲ ಅಲ್ವಾ ಅಣ್ಣ?"

"ಮೆತ್ತಗೆ ಮಾತಾಡಪ್ಪ."

"ನಾನೇನೂ ಹೇಳಲ್ಲ. ಹೇಳೋದಿದ್ರೆ ನೀವೇ ಹೇಳಬೇಕು. ಗುರುಗಳ ಮುಂದೆ ಸುಳ್ಳು ಇಟ್ಕೋಬಾರದು ಅಣ್ಣ, ಪಾಪ. ನಾನು ನಾಳೆ ತನಕ ಇರ್ತೀನಿ," ಎಂದು ಹೇಳಿ ಚಹಾದ ಕಡೆ ಹೋದ.

ಭಾನುವಾರ ಅಟ್ಲಾಂಟಾದಿಂದ ಕರಬಸಪ್ಪನವರು ಬಂದರು.

ಕರಬಸಪ್ಪನವರು ಸಮಿತಿಗಳ ಮನುಷ್ಯ. ತಾವು ಅಧ್ಯಕ್ಷರಾಗದ ಸಮಿತಿಯನ್ನು ಅವರು ಸಮಿತಿಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ರೇಷ್ಮೆ ಶಾಲು ಹೊದ್ದು, ಕೈಯಲ್ಲಿ ಬೆಳ್ಳಿಯ ಬಟ್ಟಲು ಹಿಡಿದು ಇಳಿದರು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಪಟವನ್ನು ಮುಂದಿನಿಂದ ನೋಡಿದರು, ಬದಿಯಿಂದ ನೋಡಿದರು, ಮೆಲ್ಲಗೆ ಎತ್ತಿ ಹಿಂದೆ ಇಣುಕಿದರು. ತಿರುಪಿನ ಬುಡದಲ್ಲಿ ಹೆಬ್ಬೆರಳು ಗಾತ್ರದ ಮುದ್ದೆ ಕಂಡಿತು.

"ಉದ್ಭವ ಸ್ಥಾನ," ಎಂದರು. ಎರಡು ಹೆಂಗಸರು ಅತ್ತರು.

ಕರಬಸಪ್ಪನವರು ಮುದ್ದೆಯನ್ನು ಬೆರಳಿಂದ ಬಟ್ಟಲಿಗೆ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ, ಹಣೆಗೆ ಧರಿಸಿದ್ದಾಯಿತು. ನಮ್ಮ ಹಿರಿಯರ ಪದ್ಧತಿ ಏನು? ಗುರುಗಳ ವಿಭೂತಿಯನ್ನು ಒಂದು ಚಿಟಿಕೆ ನಾಲಿಗೆಗೂ ಇಟ್ಟುಕೊಳ್ಳುವುದು. ಕಾಯಿಲೆ ಕಸಾಲೆ ಹೋಗಬೇಕಾದರೆ ಅದು ಒಳಗೂ ಹೋಗಬೇಕು. ದಯವಿಟ್ಟು ಲೈನಾಗಿ ಬನ್ನಿ. ಮಕ್ಕಳಿಗೆ ಮೊದಲು ಇರಲಿ ಅಂತ ಹೇಳ್ತಿದ್ದೆ, ಆದರೆ ವಿಜಯಶ್ರೀ ಅವರು ಆಗಲೇ ನಿಂತಿದ್ದಾರೆ."

ವಿಜಯಶ್ರೀ ನಿಂತಿದ್ದರು. ಕಣ್ಣು ಮುಚ್ಚಿದ್ದರು. ನಾಲಿಗೆ ಹೊರಗಿತ್ತು.

ಅದೇ ಹೊತ್ತಿಗೆ ಮುಂಬಾಗಿಲು ತೆರೆದು ನೀಲಗಂಗಾ, ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ, ಒಳಗೆ ಬಂದು ನಿಂತರು.

ವೀರಣ್ಣನವರ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಒಂದು ಕಡೆ ಬಾಗಿಲಲ್ಲಿ ಹೆಂಡತಿ, ಅವಳ ಹಿಂದೆ ರಸ್ತೆಯಲ್ಲಿ ಟ್ರೇಲರು, ಗ್ಯಾರೇಜಿನಲ್ಲಿ ಒಂದು ವರ್ಷದ ಬೆವರು. ಇನ್ನೊಂದು ಕಡೆ ವಿಜಯಶ್ರೀಯವರ ನಾಲಿಗೆ. ಈ ನಾಲ್ಕು ಊರಿಗೆ ಬೆಂಕಿ ಹಚ್ಚಿದ ನಾಲಿಗೆ. ಸಿಕ್ಕಿಕೊಂಡು ನಿಲ್ಲುವ ಭಯವೇ ಇಲ್ಲದ, ಯಾವ ಲೇಪವೂ ಬೇಕಿಲ್ಲದ ನಾಲಿಗೆ. ಅದಕ್ಕೆ ಒಂಚೂರು ತಾಗಿದರೆ ಏನು ಮಹಾ ಎಂದು ವೀರಣ್ಣನವರಿಗೆ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ವಿಜಯಶ್ರೀಯವರ ಹಿಂದೆ ಮಕ್ಕಳ ಸಾಲಿತ್ತು.

ಕರಬಸಪ್ಪನವರ ಬೆರಳು ಹೊರಟಿತು.

"ನಿಲ್ರಿ," ಎಂದರು ವೀರಣ್ಣನವರು. ಯಾರೂ ನಿಲ್ಲಲಿಲ್ಲ. ಅವರು ನಾಲ್ಕು ಜನರನ್ನು ದಾಟಿ ಹೋಗಿ ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು. "ಅದು ವಿಭೂತಿ ಅಲ್ರಿ. ಗ್ರೀಸು. ನನ್ನ ಕಾರಿನ ಗ್ರೀಸು. ಬೋಲ್ಟಿಗೆ ಹಚ್ಚೋದು."

ಕರಬಸಪ್ಪನವರು ಮುಗುಳ್ನಕ್ಕರು. "ನೋಡಿ ಬಂಧುಗಳೇ, ಮನೆಯವರ ವಿನಯ. ಪವಾಡ ನಡೆದ ಮನೆಯವರು ಯಾವಾಗಲೂ ಹೀಗೇ."

"ವಿನಯ ಅಲ್ರಿ ಮಾರಾಯರ. ಡಬ್ಬಿ ತಂದು ತೋರಿಸ್ತೀನಿ."

ತಂದು ತೋರಿಸಿದರು. ಸಾಕ್ಸು ಬಿಚ್ಚಿದರು, ಮುಚ್ಚಳ ತೆಗೆದರು, ಮೂರು ಬೆರಳು ಅದ್ದಿ ಅಜ್ಜಾರ ಪಕ್ಕದ ಗೋಡೆಗೆ ಎಳೆದರು. ಅದೇ ಮೂರು ಪಟ್ಟೆ, ಅದೇ ಬೆಳ್ಳಿ. ಹೆಂಡತಿಯ ಕಣ್ಣೆದುರಿಗೆ ಬಿದ್ದ ಗುರುತು ಅದು.

ಮನುಷ್ಯನ ಸ್ವಭಾವ ಇಂಥ ವೇಳೆಯಲ್ಲಿ ಕಾಣಬೇಕು. ಕರಬಸಪ್ಪನವರು ಬೆರಳನ್ನು ಶಾಲಿಗೆ ಒರೆಸುತ್ತ, "ನನಗೆ ಮೊದಲೇ ಡೌಟಿತ್ತು, ಸಭಾಮರ್ಯಾದೆಗೆ ಸುಮ್ಮನಿದ್ದೆ" ಎಂದರು. ವಿಜಯಶ್ರೀ ನಾಲಿಗೆ ಒಳಗೆಳೆದುಕೊಂಡು, "ನಾನು ಮೆಸೇಜಲ್ಲಿ 'ಅಂತೆ' ಅಂತ ಸೇರಿಸಿದ್ದೆ, ಬೇಕಾದ್ರೆ ಸ್ಕ್ರೋಲ್ ಮಾಡಿ ನೋಡಿ" ಎಂದರು. ಎಲ್ಲರೂ ಹಣೆ ಉಜ್ಜಿಕೊಳ್ಳತೊಡಗಿದರು. ಇದ್ದದ್ದು ಕಿವಿಯವರೆಗೆ ಹರಡಿತು. ಆಮೇಲೆ ಒಬ್ಬೊಬ್ಬರಾಗಿ ಗಂಗಾಂಬಿಕಾ ಅವರ ಕಡೆ ನೋಡಿದರು. ಅವರು ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು.

"ನನಗೆ ಸೋಮವಾರವೇ ಗೊತ್ತಿತ್ತು," ಎಂದರು ನೀಲಗಂಗಾ. "ವಾಸನೆ. ಅವ್ವ ಅಷ್ಟು ಖುಷಿಯಾಗಿದ್ದಳು, ಎಣ್ಣೆ ಹತ್ತಿ ಇಟ್ಟು ಸುಮ್ಮನಾದೆ. ನೀವಾಗೇ ಹೇಳ್ತೀರಿ ಅಂತ ಆರು ದಿನ ಕಾದೆ. ಶಶಿಕಾಂತ್‌ಗೆ ಟ್ರೇಲರ್ ತಗೊಂಡು ಬನ್ನಿ ಅಂದದ್ದು ನಾನೇ."

"ಈಗ ಹೇಳಿದ್ನಲ್ಲ."

"ಹೇಳಿದ್ದು ಒಳ್ಳೇದಾಯ್ತು. ಮಾತು ಮಾತೇ. ಶಶಿಕಾಂತ್, ಗ್ಯಾರೇಜ್ ತೆಗೀತೀನಿ."

ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಜನವೆಲ್ಲ ಹೊರಗೆ ಬಂದು ಹುಲ್ಲಿನ ಮೇಲೆ ನಿಂತರು. ಶಶಿಕಾಂತ ಟ್ರೇಲರಿನ ಹಲಗೆ ಇಳಿಸಿ ಕೈಗವಸು ಹಾಕಿಕೊಂಡ. ಫಿಯಟ್ಟು ಹೊಸ ಬಣ್ಣದಲ್ಲಿ ಮದುಮಗಳಂತೆ ನಿಂತಿತ್ತು. ವೀರಣ್ಣನವರು ಅದರ ಕಡೆ ನೋಡಲಾರದೆ ಮೇಪಲ್ ಮರದ ಕಡೆ ನೋಡುತ್ತಿದ್ದರು. ಹಾಗಾಗಿ ಅತ್ತೆ ಬಂದದ್ದು ಅವರಿಗೆ ಕಾಣಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಗಂಗಾಂಬಿಕಾ ಮುಂದಿನ ಸೀಟಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಅಜ್ಜಾರ ಪಟ.

"ಅವ್ವಾ, ಇಳಿ. ಗಾಡಿ ಒಯ್ಯಬೇಕು," ಎಂದರು ನೀಲಗಂಗಾ.

"ನಾ ಇಳಿಯಂಗಿಲ್ಲ."

"ಅವ್ವಾ, ಅದು ಗ್ರೀಸು. ಕೇಳಿದಿಲ್ಲೋ?"

"ಕೇಳೇನಿ, ಕಿವುಡಿ ಅಲ್ಲ." ಗಂಗಾಂಬಿಕಾ ಕಿಟಕಿಯಿಂದ ತಲೆ ಹೊರಹಾಕಿ, ಹುಲ್ಲಿನ ಮೇಲಿದ್ದ ಅಷ್ಟೂ ಜನರನ್ನು ಒಮ್ಮೆ ನೋಡಿದರು. "ಊರಾಗ ವಿಭೂತಿ ಯಾತರಿಂದ ಮಾಡ್ತಾರ? ಶಗಣಿ ಸುಟ್ಟು ಮಾಡ್ತಾರ. ಶಗಣಿಯಿಂದ ಬಂತಂತ ವಿಭೂತಿ ಸುಳ್ಳಾತೇನು? ಇಲ್ಲಿ ಆಕಳ ಎಲ್ಲದ, ಹೇಳ್ರಿ. ಈ ಓಣ್ಯಾಗ ಒಂದರ ಆಕಳ ಅದನ? ಮನ್ಯಾಗ ಇದ್ದದ್ದು ಇದೊಂದು ಗಾಡಿ. ಅಜ್ಜಾರು ಇದ್ದದ್ರಾಗ ತರಿಸ್ಕೊಂಡಾರ."

ಡೇಟಾ ಸೆಂಟರು, ಬ್ಯಾಂಕು, ಆಸ್ಪತ್ರೆ ನಡೆಸುವ ಅಷ್ಟೂ ತಲೆಗಳು ಈ ವಾದದಲ್ಲಿ ಬಿರುಕು ಹುಡುಕಿ ಸೋತವು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಕರಬಸಪ್ಪನವರು.

"ಆಂಟಿ, ಇನ್ನೊಂದು ಸಲ ಹೇಳ್ತೀರಾ, ಆಕಳ ಅಂದ್ರಲ್ಲ ಅಲ್ಲಿಂದ," ಎಂದು ವಿಜಯಶ್ರೀ ಫೋನು ಎತ್ತಿದರು.

"ಮನೀ ಆಕಳ ಯಾರರ ಮಾರ್ತಾರೇನ ನೀಲಾ?" ಎಂದು ಗಂಗಾಂಬಿಕಾ ಮಗಳನ್ನು ಕೇಳಿದರು. "ನಿಮ್ಮಪ್ಪ ಇದ್ದಿದ್ರ ಹಿಂಗ ಮಾಡ್ತಿದ್ರೇನು?"

ಎಂಥೆಂಥ ಪೈಲ್ವಾನರನ್ನು ಹತ್ತು ಎಣಿಸುವಷ್ಟರಲ್ಲಿ ಮಲಗಿಸಿದ ನೀಲಗಂಗಾ, ಮುಂದಿನ ಸೀಟಿನ ಅವ್ವನನ್ನು ನೋಡಿದರು, ತೊಡೆಯ ಮೇಲಿನ ಪಟ ನೋಡಿದರು. ಕೊನೆಗೆ, "ಶಶಿಕಾಂತ್, ಊಟ ಮಾಡ್ಕೊಂಡು ಹೋಗಿ," ಎಂದು ಹೇಳಿ ಒಳಗೆ ಹೋದರು. ಶಶಿಕಾಂತ ಖಾಲಿ ಟ್ರೇಲರು ಎಳೆದುಕೊಂಡು, ಎರಡು ಪೊಟ್ಟಣ ಹೋಳಿಗೆ ಕಟ್ಟಿಸಿಕೊಂಡು ಷಾರ್ಲೆಟ್ಟಿನ ದಾರಿ ಹಿಡಿದ.

ವೀರಣ್ಣನವರು ಆ ರಾತ್ರಿ ಒಂದು ವಾರದ ಮೇಲೆ ಮೊದಲ ಬಾರಿಗೆ ನಿದ್ದೆ ಮಾಡಿದರು. ಮರುದಿನ ಶ್ರಾವಣ ಸೋಮವಾರ. ಆಫೀಸಿಗೆ ರಜೆ ಹಾಕಿ, ಹಳೆಯ ಅಂಗಿ ತೊಟ್ಟು, ಉಳಿದ ಬೋಲ್ಟುಗಳನ್ನು ಇವತ್ತೇ ಬಿಗಿದು ಸಂಜೆ ರಸ್ತೆಗೆ ಇಳಿಸುವುದೆಂದು ಪಾನಾ ಹಿಡಿದು ಶಿಳ್ಳೆ ಹಾಕುತ್ತ ಗ್ಯಾರೇಜಿನ ಬಾಗಿಲು ತೆಗೆದರು.

ನೆಲದ ಎಣ್ಣೆಕಲೆಯೆಲ್ಲ ತೊಳೆದು ರಂಗೋಲಿ ಹಾಕಿತ್ತು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಸರ, ನಾಲ್ಕು ಚಕ್ರದ ಬುಡದಲ್ಲಿ ನಾಲ್ಕು ನಿಂಬೆಹಣ್ಣು. ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಕಾರ್ಬುರೇಟರಿಗೂ ಅರಿಶಿನ ಕುಂಕುಮವಾಗಿ, ಅದು ಸಣ್ಣ ದೇವರಂತೆ ಕೂತಿತ್ತು. ರೆಸ್ಟನ್ನಿನಿಂದ ಬಂದ ಆರು ಜನ ಚಾಪೆಯ ಮೇಲೆ ಕೈಮುಗಿದು ಕೂತಿದ್ದರು. ಏಳನೆಯವನು ಗ್ಲೆನ್, ಉಪ್ಪಿಟ್ಟು ತಿನ್ನುತ್ತಿದ್ದ. ಗಂಗಾಂಬಿಕಾ ಆರತಿಯ ತಟ್ಟೆಯಿಂದ ತಲೆಯೆತ್ತಿ ಅಳಿಯನ ಕಾಲು ನೋಡಿದರು, ಆಮೇಲೆ ಕೈ ನೋಡಿದರು.

"ಚಪ್ಪಲಿ ಹೊರಗ ಬಿಟ್ಟು ಬರ್ರಿ ಅಳಿಯಾರ," ಎಂದರು. "ಆ ಪಾನಾನೂ."